ಹಿಡಿಯೋ ಮುಂಚೆ ಮಾಯ ಆಗೋ ಎಂಜೈಮ್

ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಉಳಿದ ಬಂಗಡೆ ಬುಟ್ಟಿ ಹತ್ರ ಸಂಜೆ ನಿಂತ್ರೆ ಬರೋ ವಾಸನೇಲಿ ಪ್ಯುಟ್ರೆಸಿನ್ ಅನ್ನೋ ರಾಸಾಯನಿಕದ್ದೂ ಒಂದು ಪಾಲಿರತ್ತೆ. 1885ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಬ್ರೀಗರ್ ಇಟ್ಟ ಹೆಸರದು, ಹೆಸರಲ್ಲೇ ಕೊಳೆಯೋದು ಅಂತ ಅರ್ಥ ಇದೆ, ಹಾಗಾಗಿ ಇದು ಬರೀ ಹೊಲಸು, ಮೈಯಿಂದ ತೊಳೆದು ಹಾಕ್ಬೇಕು ಅಂತ ಡಿಟಾಕ್ಸ್ ಮಾರೋರು ಹೆದರಿಸ್ತಾರೆ. ಶುದ್ಧ ಸುಳ್ಳು! ನಮ್ಮ ಜೀವಕೋಶ ಇದನ್ನ ತಾನೇ ಮಾಡ್ಕೊಳತ್ತೆ, ಇದ್ರಿಂದಲೇ ಸ್ಪರ್ಮಿಡಿನ್, ಸ್ಪರ್ಮಿನ್ ಆಗೋದು, ಈ ಪಾಲಿಅಮೀನ್‌ಗಳಿಲ್ದೆ ಕೋಶ ಬೆಳೆಯೋದೇ ಇಲ್ಲ. ಸ್ಪರ್ಮಿನ್ ಹರಳನ್ನಂತೂ ಸೂಕ್ಷ್ಮದರ್ಶಕದ ಲೇವೆನ್‌ಹುಕ್ 1678ರ ಹೊತ್ತಿಗೇ ವೀರ್ಯದಲ್ಲಿ ಕಂಡಿದ್ದ, ಅದು ಏನು ಅಂತ ತಿಳಿಯೋಕೆ ಮತ್ತೆ ಹೆಚ್ಚುಕಮ್ಮಿ ಇನ್ನೂರೈವತ್ತು ವರ್ಷ ಹಿಡೀತು.

ಪ್ಯುಟ್ರೆಸಿನ್ ಮಾಡೋ ಎಂಜೈಮ್ ಹೆಸರು ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್, ಚಿಕ್ಕದಾಗಿ ‘ಓಡಿಸಿ’ (ODC). ಇದರ ಅರ್ಧಾಯುಷ್ಯ, ಅಂದ್ರೆ ಇರೋದ್ರಲ್ಲಿ ಅರ್ಧ ಮಾಯ ಆಗೋಕೆ ಹಿಡಿಯೋ ಹೊತ್ತು, ಹತ್ತು ನಿಮಿಷದಿಂದ ಒಂದು ಗಂಟೆ, ಅಷ್ಟೇ. ಯಾಕೆ ಅನ್ನೋದೇ ನಂಗೆ ಎಲ್ಲಕ್ಕಿಂತ ಖುಷಿ ಕೊಡೋ ಸಂಗತಿ. ಆಂಟಿಜೈಮ್ ಅಂತ ಇನ್ನೊಂದು ಪ್ರೋಟೀನ್ ಇದೆ, ಅದನ್ನ ಮಾಡೋ ಸೂಚನೆ ಇರೋ ಆರ್‌ಎನ್‌ಎಯನ್ನ ರೈಬೋಸೋಮ್ ಅನ್ನೋ ಪ್ರೋಟೀನ್ ಕಟ್ಟೋ ಯಂತ್ರ ಮೂರು ಮೂರು ಅಕ್ಷರವಾಗಿ ಓದ್ತಾ ಬಂದಾಗ ನಡುವೆ ಯುಜಿಎ ಅಂತ ನಿಲ್ಲೋ ಗುರುತು ಸಿಗತ್ತೆ. ಪಾಲಿಅಮೀನ್ ಕಮ್ಮಿ ಇದ್ರೆ ಅಲ್ಲೇ ನಿಲ್ಲತ್ತೆ. ಜಾಸ್ತಿ ಇದ್ರೆ 'ಯು' ಒಂದನ್ನ ಹಾರಿಸಿ ಜಿಎಯು ಅಂತ ಓದ್ಕೊಂಡು ಮುಂದೆ ಹೋಗತ್ತೆ. ಯಕ್ಷಗಾನದಲ್ಲಿ ಭಾಗವತರು ಮುಕ್ತಾಯದ ಹತ್ರ ಒಂದೇ ಒಂದು ಮಾತ್ರೆ ಬಿಟ್ಟು ಎತ್ಕೊಂಡ್ರೆ ಮದ್ದಳೆಗೆ ಮುಕ್ತಾಯ ಸಿಗದೆ ಪದ್ಯ ಮುಂದುವರಿದ ಹಾಗೆ. ಹಿಂಗೆ ಪೂರ್ತಿಯಾದ ಆಂಟಿಜೈಮ್ ಹೋಗಿ ಓಡಿಸಿಯನ್ನ ಹಿಡಿದು ಪ್ರೋಟಿಯಸೋಮ್ ಅನ್ನೋ ಪ್ರೋಟೀನ್ ಕತ್ತರಿಸೋ ಯಂತ್ರಕ್ಕೆ ಒಪ್ಪಿಸತ್ತೆ, ಅಲ್ಲಿ ಅದು ಚೂರಾಗತ್ತೆ. ಟ್ಯಾಂಕಿ ತುಂಬಿದ ಕೂಡ್ಲೇ ನೀರೇ ಪಂಪ್ ಆಫ್ ಮಾಡ್ದಂಗೆ, ಆದ್ರೆ ಇಲ್ಲಿ ಪಂಪನ್ನೇ ಬಿಚ್ಚಿ ಗುಜರಿಗೆ ಹಾಕಿದಂಗೆ!

ಇಷ್ಟು ಬೇಗ ಮಾಯ ಆಗೋದನ್ನ ಕೋಶದೊಳಗಿನ ಸಾವಿರಾರು ಪ್ರೋಟೀನ್ ನಡುವೆ ಹುಡುಕೋಕೆ ಅದಕ್ಕೇ ಹೋಗಿ ಅಂಟೋ ಪ್ರೋಟೀನ್, ಅಂದ್ರೆ ಆಂಟಿಬಾಡಿ ಬೇಕು. ಎಂಜೈಮಿನ ತುಣುಕನ್ನ ಮೊಲಕ್ಕೆ ಚುಚ್ಚಿ ಅದರ ರಕ್ತದಿಂದ ತೆಗೆಯೋದು ಒಂದು ದಾರಿ, 1975ರಲ್ಲಿ ಕೋಹ್ಲರ್, ಮಿಲ್‌ಸ್ಟೈನ್ ತೋರಿಸಿದ ಮೊನೊಕ್ಲೋನಲ್, ಅಂದ್ರೆ ಒಂದೇ ಕೋಶದ ಸಂತತಿಯಿಂದ ಒಂದೇ ಥರದ ಆಂಟಿಬಾಡಿ ತೆಗೆಯೋದು, ಇನ್ನೊಂದು. ಓಡಿಸಿ ಹುಡುಕೋ ಈ ಆಂಟಿಬಾಡಿ ಔಷಧ ಅಲ್ಲ, ಸಂಶೋಧನೆಗೆ ಮಾತ್ರ.

ಆಂಟಿಬಾಡಿ ಶೀಶೆ ಮೇಲೆ ಓಡಿಸಿ ಹೆಸರಿದೆ ಅಂತ ನಂಬ್ಬಿಡೋದೇ ದೊಡ್ಡ ತಪ್ಪು. ಶಿರಸಿಯಲ್ಲಿ ಅಡಿಕೆ ಆರಿಸೋರು ರಾಶಿ, ತಟ್ಟಿಬೆಟ್ಟೆ ಅಂತ ದರ್ಜೆ ಬೇರೆ ಬೇರೆ ಮಾಡ್ತಾರಲ್ಲ, ಹೊಸಬರ ಕಣ್ಣು ಪರೀಕ್ಷೆ ಮಾಡ್ಬೇಕಂದ್ರೆ ಒಂದೂ ತಟ್ಟಿಬೆಟ್ಟೆ ಇಲ್ಲದ ಗುಡ್ಡೆ ಮುಂದೆ ಕೂರಿಸ್ಬೇಕು, ಆಗ್ಲೂ ಹತ್ತು ಆರಿಸಿ ತೆಗೆದ್ರೆ ಆ ಕಣ್ಣು ಸಾಲಲ್ಲ. ಆಂಟಿಬಾಡಿಗೂ ಅದೇ, ಓಡಿಸಿ ಜೀನ್ ತೆಗೆದು ಹಾಕಿದ ಕೋಶ ಕೊಟ್ಟು ನೋಡ್ಬೇಕು.

ತಂಗಿ ಮಗಳು ಲ್ಯಾಬಲ್ಲಿದಾಳೆ. ಕೋಶದ ಪ್ರೋಟೀನ್‌ಗಳನ್ನ ತೂಕದ ಪ್ರಕಾರ ಬೇರೆ ಮಾಡಿ ಪೊರೆಗೆ ಇಳಿಸಿ ಆಂಟಿಬಾಡಿಯಿಂದ ಹುಡುಕೋದಕ್ಕೆ ವೆಸ್ಟರ್ನ್ ಬ್ಲಾಟ್ ಅಂತಾರೆ. ಅವಳ ಆ ಪೊರೆ ಮೇಲೆ ಆಂಟಿಬಾಡಿ ಕಂಡಕಂಡಲ್ಲಿ ಅಂಟಬಾರದು ಅಂತ ಮೊದಲು ಕೆನೆ ತೆಗೆದ ಹಾಲಿನ ಪುಡಿ ಕಲಸಿದ ನೀರಲ್ಲಿ ಒಂದು ಗಂಟೆ ನೆನೆಸಿಡ್ತಾಳೆ, ಖಾಲಿ ಜಾಗವನ್ನೆಲ್ಲ ಹಾಲಿನ ಪ್ರೋಟೀನೇ ತುಂಬ್ಕೊಳತ್ತೆ. ಮೊನ್ನೆ ಫೋಟೋ ಕಳಿಸಿ 'ಮಾವಾ, ಇದ್ರಲ್ಲಿ ಓಡಿಸಿ ಯಾವ್ದು ಹೇಳು' ಅಂದ್ಲು. ಒಂದು ದಪ್ಪ ಕಪ್ಪು ಪಟ್ಟಿ, ಕೆಳಗೆ 51 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ರ ನೂಲಿನಷ್ಟು ತೆಳು ಗೆರೆ. ನಾನು ದಪ್ಪದ್ದೇ ಅಂದೆ. ಅವಳು ಪಕ್ಕದ ಎರಡು ಸಾಲನ್ನೂ ಕಳಿಸಿದ್ಲು. ಜೀನ್ ತೆಗೆದ ಕೋಶದಲ್ಲಿ ದಪ್ಪ ಪಟ್ಟಿ ಹಾಗೇ ಕೂತಿದೆ, ನೂಲು ಮಾತ್ರ ಇಲ್ಲ. ಪ್ರೋಟಿಯಸೋಮ್ ಕೆಲಸ ನಿಲ್ಸೋ ಎಂಜಿ132 ಹಾಕಿದ ಕೋಶದಲ್ಲಿ ಅದೇ ನೂಲು ಹಗ್ಗದಷ್ಟು ದಪ್ಪ ಆಗಿದೆ.