"ಈ ಮನೆ ಯಾವ ಸ್ಕೂಲಿಗೆ ಬರುತ್ತೆ?": ಅಮೆರಿಕದ ಶಾಲಾ ಗೆರೆಗಳ ಹಿಂದಿನ ಕತೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ, ಫ್ರೀಮಾಂಟ್ ಕಡೆ ಮನೆ ಹುಡುಕುವ ನಮ್ಮ ಕನ್ನಡದವರನ್ನು ಕೇಳಿ ನೋಡಿ. ವಾಸ್ತು, ಪಾರ್ಕಿಂಗು, ಆಫೀಸಿಗೆ ಎಷ್ಟು ದೂರ ಅನ್ನೋದೆಲ್ಲ ಆಮೇಲಿನ ಮಾತು. ಏಜೆಂಟರಿಗೆ ಹಾಕುವ ಮೊದಲ ಪ್ರಶ್ನೆ, "ಈ ಮನೆ ಯಾವ ಸ್ಕೂಲಿಗೆ ಬರುತ್ತೆ?" ಮನೆ ಮಾರುವ ವೆಬ್‌ಸೈಟುಗಳಲ್ಲೂ ಅಷ್ಟೇ. ಬೆಡ್‌ರೂಮ್ ಎಷ್ಟು, ಬಾತ್‌ರೂಮ್ ಎಷ್ಟು ಎಂಬುದರ ಜೊತೆಗೇ ಆ ವಿಳಾಸಕ್ಕೆ ಸಿಗುವ ಶಾಲೆಯ ಹೆಸರು, ಅದಕ್ಕೆ ಹತ್ತಕ್ಕೆ ಎಷ್ಟು ಅಂಕ ಎಂಬುದೂ ಇರುತ್ತದೆ. ಅಂಕ 9 ಇದ್ದರೆ ಮನೆಗೆ ಒಂದು ರೇಟು, 4 ಇದ್ದರೆ ಇನ್ನೊಂದು. ಶಾಲೆ ಮಾತ್ರ ಸರ್ಕಾರಿಯದೇ. ಒಂದು ಡಾಲರ್ ಫೀಸೂ ಇಲ್ಲ.

ಊರಲ್ಲಿ ಕೂತು ಓದುವವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಹೋದರೆ ನಿಮ್ಮ ಮನೆ ರಸ್ತೆಯ ಯಾವ ಬದಿಗಿದೆ ಅಂತ ಯಾರೂ ತಕರಾರು ತೆಗೆಯುವುದಿಲ್ಲ. ಉಳ್ಳವರ ಮಕ್ಕಳನ್ನೂ ಇಲ್ಲದವರ ಮಕ್ಕಳನ್ನೂ ಬೇರೆ ಮಾಡುವ ಕೆಲಸವನ್ನು ನಮ್ಮಲ್ಲಿ ಖಾಸಗಿ ಶಾಲೆಯ ಫೀಸು ಮಾಡುತ್ತದೆ. ಅಮೆರಿಕದಲ್ಲಿ ಬಹುಪಾಲು ಮಕ್ಕಳು ಓದುವುದು ಸರ್ಕಾರಿ ಶಾಲೆಗಳಲ್ಲೇ. ಹಾಗಾಗಿ ಅಲ್ಲಿ ಆ ಕೆಲಸ ನಕ್ಷೆಯ ಮೇಲಿನ ಗೆರೆಯದು.

ಈ ಗೆರೆಗಳಲ್ಲಿ ಎರಡು ಥರ. ದೊಡ್ಡದು ಸ್ಕೂಲ್ ಡಿಸ್ಟ್ರಿಕ್ಟಿನ ಗಡಿ. ಡಿಸ್ಟ್ರಿಕ್ಟ್ ಅಂದರೆ ನಮ್ಮ ಬಿಇಒ ಕಚೇರಿಯ ವ್ಯಾಪ್ತಿಯಂಥದ್ದಲ್ಲ. ಅದಕ್ಕೆ ಸಾಮಾನ್ಯವಾಗಿ ಚುನಾಯಿತ ಮಂಡಳಿ ಇರುತ್ತದೆ, ಹೆಚ್ಚಿನ ಕಡೆ ತನ್ನದೇ ತೆರಿಗೆಯೂ ಇರುತ್ತದೆ. ಆ ಗಡಿಯೊಳಗೆ ಇನ್ನೊಂದು ಚಿಕ್ಕ ಗೆರೆ ಉಂಟು. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ಹೇಳುವುದು ಅದು. ಅಲ್ಲಿನವರು ಅದನ್ನು ಅಟೆಂಡೆನ್ಸ್ ಝೋನ್ ಅನ್ನುತ್ತಾರೆ. ಎರಡನ್ನೂ ಮನುಷ್ಯರೇ ಎಳೆದದ್ದು, ಎರಡನ್ನೂ ಬದಲಿಸಬಹುದು. ಆದರೆ ಬದಲಿಸಲು ಹೊರಟವರ ಪಾಡು ಏನಾಯಿತು ಅನ್ನೋದೇ ಈ ಕತೆ.

ಶುರುವಾದದ್ದು ಬಹಳ ಹಿಂದೆ. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಒಂದು ಕಾನೂನು ಮಾಡಿತು. 50 ಮನೆಗಳಿರುವ ಪ್ರತಿ ಊರೂ ಓದು ಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳಬೇಕು, ಖರ್ಚು ಊರಿನದ್ದೇ. ಮಕ್ಕಳು ಬೈಬಲ್ ಓದಲು ಕಲಿತರೆ ಸೈತಾನನ ಮೋಸಕ್ಕೆ ಬೀಳುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಸೈತಾನ ಕಾನೂನಿನಿಂದ ಹೋದ, ಆದರೆ ಊರಿನ ಶಾಲೆಗೆ ಊರಿನದೇ ದುಡ್ಡು ಎಂಬ ಪದ್ಧತಿ ಉಳಿಯಿತು. ಅದು ಆಸ್ತಿ ತೆರಿಗೆಯಾಗಿ ಬೇರು ಬಿಟ್ಟಿತು. ಊರಿನ ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಬೆಲೆಯವಾಗಿದ್ದಾಗ ಇದರಲ್ಲಿ ದೊಡ್ಡ ತೊಂದರೆ ಇರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಹಾಗೆ ಉಳಿಯಲಿಲ್ಲ. ಕಪ್ಪು ಜನರಿಗೆ, ಮೆಕ್ಸಿಕೋ ಮೂಲದವರಿಗೆ ಮನೆ ಮಾರಬಾರದು ಎಂದು ಕ್ರಯಪತ್ರದಲ್ಲೇ ಬರೆಸುವ ರೂಢಿ ಬಂತು. 1930ರ ದಶಕದಲ್ಲಿ ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿ, ಇಂಥವರು ಇರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಅಂದರೆ ಸಾಲ ಕೊಡುವುದು ಅಪಾಯ ಅಂತ. ಯಾರು ಎಲ್ಲಿ ಇರಬೇಕು ಅನ್ನೋದು ಹೀಗೆ ಮೊದಲೇ ತೀರ್ಮಾನವಾಯಿತು. ಅದರ ಮೇಲೆ ಶಾಲೆಯ ಗೆರೆ ಬಿತ್ತು. 1954ರಲ್ಲಿ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪು ಮೈಬಣ್ಣ ನೋಡಿ ಶಾಲೆ ಹಂಚುವುದನ್ನು ಕಾನೂನುಬಾಹಿರ ಅಂತೇನೋ ಹೇಳಿತು. ವಿಳಾಸ ನೋಡಿ ಹಂಚುವುದನ್ನು ಅದು ಮುಟ್ಟಲಿಲ್ಲ.

ಇದರ ಪರಿಣಾಮ ಅಂಕಿಗಳಲ್ಲಿ ಕಾಣಬೇಕಿದ್ದರೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನೋಡಬೇಕು. 1960ರ ದಶಕದ ಕೊನೆಗೆ ಊರು ಒಂದೇ, ಸ್ಕೂಲ್ ಡಿಸ್ಟ್ರಿಕ್ಟ್ ಏಳಿದ್ದವು. ಎಡ್ಜ್‌ವುಡ್ ಡಿಸ್ಟ್ರಿಕ್ಟಿನ ಮಕ್ಕಳಲ್ಲಿ ನೂರಕ್ಕೆ 90 ಮಂದಿ ಮೆಕ್ಸಿಕೋ ಮೂಲದವರು. ಅಲಾಮೋ ಹೈಟ್ಸ್‌ನಲ್ಲಿ ಹೆಚ್ಚಿನವರು ಬಿಳಿಯರು, ಉಳ್ಳವರು. 1967–68ರ ಲೆಕ್ಕ ಹೀಗಿತ್ತು. ಎಡ್ಜ್‌ವುಡ್‌ನವರು 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಅಲಾಮೋ ಹೈಟ್ಸ್‌ನವರು ಕಟ್ಟುತ್ತಿದ್ದುದು 85 ಸೆಂಟ್. ಆದರೂ ಎಡ್ಜ್‌ವುಡ್‌ಗೆ ಈ ತೆರಿಗೆಯಿಂದ ಒಂದು ಮಗುವಿಗೆ ದಕ್ಕಿದ್ದು 26 ಡಾಲರ್, ಅಲಾಮೋ ಹೈಟ್ಸ್‌ಗೆ 333 ಡಾಲರ್. ರಾಜ್ಯದ ಹಣ, ಫೆಡರಲ್ ಹಣ ಎಲ್ಲ ಸೇರಿಸಿದರೂ 356 ಒಂದು ಕಡೆ, 594 ಇನ್ನೊಂದು ಕಡೆ. ಬಡವರು ಹೆಚ್ಚು ದರದಲ್ಲಿ ತೆರಿಗೆ ಕಟ್ಟಿ ಕಡಿಮೆ ಪಡೆಯುತ್ತಿದ್ದರು. ಗೆರೆ ಮಾಡಿದ ಕೆಲಸ ಇಷ್ಟು: ಬೆಲೆಬಾಳುವ ಆಸ್ತಿಯನ್ನು ಒಂದು ಕಡೆ, ಮಕ್ಕಳ ಗುಂಪನ್ನು ಇನ್ನೊಂದು ಕಡೆ ಇಟ್ಟಿತು.

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ನೂರಾರು ಹುಡುಗರು ಕ್ಲಾಸು ಬಿಟ್ಟು ಬೀದಿಗೆ ಬಂದರು. ಅದೇ ವರ್ಷ ಡೆಮೆಟ್ರಿಯೋ ರೊಡ್ರಿಗಸ್ ಎಂಬ ತಂದೆ, ಇನ್ನೂ ಕೆಲವು ಪೋಷಕರನ್ನು ಕೂಡಿಕೊಂಡು ಕೇಸು ಹಾಕಿದರು. ಅವರು ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು. 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿ ಇಲ್ಲ, ಸ್ಥಳೀಯ ತೆರಿಗೆಯಿಂದ ಶಾಲೆ ನಡೆಸುವುದು ತಪ್ಪಲ್ಲ ಎಂದು ತೀರ್ಪಾಯಿತು. ಬರೆದವರು ನ್ಯಾಯಮೂರ್ತಿ ಪಾವೆಲ್, ಹಿಂದೆ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ವಿರೋಧಿಸಿ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು, ಬ್ರೌನ್ ಕೇಸನ್ನು ವಾದಿಸಿ ಗೆದ್ದಿದ್ದ ವಕೀಲರು.

ಮರುವರ್ಷ ಇನ್ನೊಂದು ಬಾಗಿಲೂ ಮುಚ್ಚಿತು. ಡೆಟ್ರಾಯಿಟ್ ನಗರದ ಶಾಲೆಗಳಲ್ಲಿ ಉಳಿದವರು ಹೆಚ್ಚಾಗಿ ಕಪ್ಪು ಮಕ್ಕಳು. ಬಿಳಿಯರು ಸುತ್ತಲ ಉಪನಗರಗಳಿಗೆ ಹೋಗಿದ್ದರು. ನಗರದೊಳಗೇ ಮಕ್ಕಳನ್ನು ಅದಲುಬದಲು ಮಾಡಿದರೆ ಏನೂ ಆಗದು ಎಂದು ಕೆಳಗಿನ ಕೋರ್ಟು 53 ಉಪನಗರ ಡಿಸ್ಟ್ರಿಕ್ಟುಗಳನ್ನೂ ಕಪ್ಪು, ಬಿಳಿ ಮಕ್ಕಳನ್ನು ಬೆರೆಸುವ ಯೋಜನೆಗೆ ಸೇರಿಸಿತ್ತು. 1974ರ ಮಿಲಿಕನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮತ್ತೆ 5–4ರಿಂದ, ಅದನ್ನು ಹೊಡೆದು ಹಾಕಿತು. ಉಪನಗರಗಳು ತಪ್ಪು ಮಾಡಿವೆ ಎಂದು ಸಾಬೀತಾಗದೆ ಅವುಗಳ ಗಡಿ ದಾಟುವಂತಿಲ್ಲ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಪರಿಣಾಮ ಮಾಡಿದ್ದು ಬ್ರೌನ್ ಅಲ್ಲ, ಇದು. ಬೇಲಿಯಾಚೆ ಮನೆ ಕೊಂಡರೆ ಸಾಕು, ಯಾವ ಕೋರ್ಟೂ ನಿಮ್ಮನ್ನು ಹಿಂಬಾಲಿಸುವುದಿಲ್ಲ ಎಂಬ ಭರವಸೆ ಅದರಿಂದ ಸಿಕ್ಕಿತು.

ದುಡ್ಡಿನ ವಿಷಯ ಆಮೇಲೆ ರಾಜ್ಯದ ಕೋರ್ಟುಗಳಿಗೆ ಹೋಯಿತು. ಟೆಕ್ಸಾಸಿನ ಸುಪ್ರೀಂ ಕೋರ್ಟು 1989ರಲ್ಲಿ, ಅದೇ ಎಡ್ಜ್‌ವುಡ್ ಹಾಕಿದ ಕೇಸಿನಲ್ಲಿ, ರಾಜ್ಯದ ಪದ್ಧತಿ ತಪ್ಪು ಎಂದು ಒಮ್ಮತದಿಂದ ಹೇಳಿತು. ಆಗ ಒಂದು ಮಗುವಿನ ಮೇಲಿನ ಖರ್ಚು ಒಂದು ಡಿಸ್ಟ್ರಿಕ್ಟಿನಲ್ಲಿ 2,112 ಡಾಲರ್ ಇದ್ದರೆ ಇನ್ನೊಂದರಲ್ಲಿ 19,333 ಇತ್ತು. 1993ರಿಂದ ಶ್ರೀಮಂತ ಡಿಸ್ಟ್ರಿಕ್ಟುಗಳ ಹೆಚ್ಚುವರಿ ತೆರಿಗೆಯನ್ನು ಬಡ ಡಿಸ್ಟ್ರಿಕ್ಟುಗಳಿಗೆ ಹಂಚುವ ಕಾನೂನು ಬಂತು. ಜನ ಅದಕ್ಕೆ ರಾಬಿನ್ ಹುಡ್ ಅಂತಲೇ ಹೆಸರಿಟ್ಟಿದ್ದಾರೆ. ಬೇರೆ ಎಷ್ಟೋ ರಾಜ್ಯಗಳಲ್ಲೂ ಇಂಥ ಏರ್ಪಾಡು ಇದೆ.

ಹಾಗಾದರೆ ದುಡ್ಡು ಸಮ ಮಾಡಿದರೆ ಮುಗಿಯಿತಾ? ಇಲ್ಲ. ಅದು ಗೊತ್ತಾಗುವುದು ಒಂದೇ ಡಿಸ್ಟ್ರಿಕ್ಟಿನೊಳಗಿನ ಎರಡು ಶಾಲೆಗಳನ್ನು ನೋಡಿದಾಗ.

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿನ ಪಶ್ಚಿಮ ಭಾಗದಲ್ಲಿ 61ನೇ ಬೀದಿಯಲ್ಲಿತ್ತು ಪಿ.ಎಸ್. 191 (ಪಿ.ಎಸ್. ಅಂದರೆ ಪಬ್ಲಿಕ್ ಸ್ಕೂಲ್, ಸರ್ಕಾರಿ ಶಾಲೆ). 70ನೇ ಬೀದಿಯಲ್ಲಿದೆ ಪಿ.ಎಸ್. 199. ನಡೆದು ಹೋಗುವಷ್ಟೇ ದೂರ. ಎರಡೂ ಸರ್ಕಾರಿ, ಎರಡಕ್ಕೂ ಹಣ ಬರುವುದು ಅದೇ ನಗರದಿಂದ. ಬಡಮಕ್ಕಳಿಗೆಂದು ಬರುವ ಹೆಚ್ಚುವರಿ ಹಣದಲ್ಲಿ 191ಕ್ಕೇ ಜಾಸ್ತಿ ಪಾಲು. ಆದರೆ 199ರ ಪೋಷಕರ ಸಂಘ ವರ್ಷಕ್ಕೆ ಲಕ್ಷಾಂತರ ಡಾಲರ್ ಚಂದಾ ಎತ್ತುತ್ತಿತ್ತು. 191ರ ಪೋಷಕರಿಗೆ ಅದು ಕನಸಿನ ಮಾತು. ಒಂದು ಕಡೆ ಸೀಟಿಗೆ ವೇಟಿಂಗ್ ಲಿಸ್ಟು, ಇನ್ನೊಂದು ಕಡೆ ಖಾಲಿ ಬೆಂಚು.

ಈ ಎರಡು ಬಡಾವಣೆ ಹೀಗಾದದ್ದಕ್ಕೂ ಒಂದು ಹಿನ್ನೆಲೆ ಇದೆ. ಅಲ್ಲಿ ಮೊದಲು ಸ್ಯಾನ್ ಹುವಾನ್ ಹಿಲ್ ಎಂಬ ಬಡಾವಣೆ ಇತ್ತು. ಕಪ್ಪು ಜನ, ಪೋರ್ಟೊ ರಿಕೊದಿಂದ ಬಂದವರು ಅಲ್ಲಿ ಜಾಸ್ತಿ. ಅದರ ಒಂದು ಭಾಗ ಕೆಡವಿ 1940ರ ದಶಕದ ಕೊನೆಗೆ ಆಮ್ಸ್ಟರ್‌ಡ್ಯಾಮ್ ಹೌಸಸ್ ಎಂಬ ಸರ್ಕಾರಿ ವಸತಿ ಕಟ್ಟಿದರು. 1950ರ ದಶಕದಲ್ಲಿ ನಗರದ ಪ್ರಭಾವಿ ಅಧಿಕಾರಿ ರಾಬರ್ಟ್ ಮೋಸೆಸ್ ಮುಂದೆ ನಿಂತು ಸುತ್ತಲ ಇನ್ನಷ್ಟು ಜಾಗ ತೆರವು ಮಾಡಿಸಿದರು. ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಆ ಜಾಗದಲ್ಲಿ ಸಂಗೀತ, ನಾಟಕಗಳಿಗೆ ಹೆಸರಾದ ಲಿಂಕನ್ ಸೆಂಟರ್ ಬಂತು, ಲಿಂಕನ್ ಟವರ್ಸ್ ಎಂಬ ಮಧ್ಯಮ ವರ್ಗದ ಅಪಾರ್ಟ್‌ಮೆಂಟುಗಳೂ ಬಂದವು. ಟವರ್ಸ್‌ನ ಮಕ್ಕಳು 199ಕ್ಕೆ, ಹೌಸಸ್‌ನ ಮಕ್ಕಳು 191ಕ್ಕೆ.

2015ರಲ್ಲಿ ನಗರದ ಶಿಕ್ಷಣ ಇಲಾಖೆ ಗೆರೆ ಸರಿಸಲು ಹೊರಟಿತು. 199ರಲ್ಲಿ ಜಾಗ ಸಾಲದ್ದೇ ಕಾರಣ. ಅದೇ ವರ್ಷ ರಾಜ್ಯ ಸರ್ಕಾರ 191ನ್ನು ಅಪಾಯಕಾರಿ ಶಾಲೆಗಳ ಪಟ್ಟಿಗೆ ಹಾಕಿತು. ಸಣ್ಣ ಮಕ್ಕಳ ಶಾಲೆಗೆ ಅಂಥ ಹಣೆಪಟ್ಟಿ! ಸಭೆಗಳಲ್ಲಿ ಕೂಗಾಟ ಶುರುವಾಯಿತು. 199ರ ವ್ಯಾಪ್ತಿ ನೋಡಿಕೊಂಡೇ ಸಾಲ ಮಾಡಿ ಮನೆ ಕೊಂಡವರಿಗೆ ಸಿಟ್ಟು ಬರುವುದು ಸಹಜ. ಎದುರಿಗೆ ಕೂತು, ತಮ್ಮ ಮಕ್ಕಳ ಶಾಲೆಯನ್ನು ಇತರರು ಶಿಕ್ಷೆಯ ಥರ ಮಾತಾಡುವುದನ್ನು ಕೇಳಿಸಿಕೊಂಡ ಹೌಸಸ್‌ನ ತಾಯಂದಿರ ಸಿಟ್ಟು ಅದಕ್ಕಿಂತ ಸಹಜ ಅಂತ ನನಗನಿಸುತ್ತದೆ. ಮೊದಲ ಯೋಜನೆ ಬಿದ್ದುಹೋಯಿತು. 2016ರ ನವೆಂಬರಿನಲ್ಲಿ ಸ್ಥಳೀಯ ಶಿಕ್ಷಣ ಮಂಡಳಿ ಹೊಸ ನಕ್ಷೆಗೆ ಒಪ್ಪಿತು. ಟವರ್ಸ್‌ನ ಕೆಲವು ಕಟ್ಟಡಗಳು 191ಕ್ಕೆ ಬಂದವು. ಆಮ್ಸ್ಟರ್‌ಡ್ಯಾಮ್ ಹೌಸಸ್‌ನ ಮಕ್ಕಳನ್ನು ಒಂದೇ ಶಾಲೆಗೆ ಬಿಡದೆ ಹಂಚಿದರು. 191 ಹೊಸ ಹೆಸರಿನಲ್ಲಿ ಹೊಸ ಕಟ್ಟಡಕ್ಕೆ ಹೋಯಿತು.

ಗೆರೆ ಸರಿಸಿದರೆ ಬೇಡ ಅನ್ನುವವರು ಶ್ರೀಮಂತರು ಮಾತ್ರ ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ಅದೇ ನಗರದ ಬ್ರೂಕ್ಲಿನ್‌ನಲ್ಲಿ ಡಂಬೋ ಎಂಬ ದುಬಾರಿ ಬಡಾವಣೆಯ ಮಕ್ಕಳನ್ನು ಪಿ.ಎಸ್. 8ರಿಂದ ಪಕ್ಕದ ಪಿ.ಎಸ್. 307ಕ್ಕೆ ಹಾಕುವ ಮಾತು ಬಂತು. 307ರಲ್ಲಿ ಓದುತ್ತಿದ್ದವರು ಫ್ಯಾರಗಟ್ ಹೌಸಸ್ ಎಂಬ ಸರ್ಕಾರಿ ವಸತಿಯ ಮಕ್ಕಳು, ಬಹುತೇಕ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳವರು. ಅವರ ಪೋಷಕರೂ ಅನುಮಾನ ಪಟ್ಟರು. ಇಷ್ಟು ದಿನ ಕಣ್ಣೆತ್ತಿ ನೋಡದವರು ಈಗ ಬಂದು ಶಾಲೆಯನ್ನೇ ತಮ್ಮದು ಮಾಡಿಕೊಂಡರೆ? ಬಡಮಕ್ಕಳ ಪ್ರಮಾಣ ಒಂದು ಮಟ್ಟಕ್ಕಿಂತ ಇಳಿದರೆ ಟೈಟಲ್ 1 ಎಂಬ ಫೆಡರಲ್ ಹಣವೂ ಕೈತಪ್ಪುತ್ತದೆ. 2016ರ ಜನವರಿಯಲ್ಲಿ ಆ ಬದಲಾವಣೆಯೂ ಪಾಸಾಯಿತು.

ಗೆರೆಗೆ ಇಷ್ಟು ಬೆಲೆ ಇದೆಯಾ ಅಂದರೆ, ಇದೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಬಾಸ್ಟನ್ ಸುತ್ತಲ ಉಪನಗರಗಳಲ್ಲಿ, ಶಾಲಾ ಗೆರೆಯ ಈಚೆ ಆಚೆ ಇರುವ ಮನೆಗಳನ್ನು ಹೋಲಿಸಿ ನೋಡಿದರು. ಬಡಾವಣೆ ಅದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ. 5 ಹೆಚ್ಚಿರುವ ಶಾಲೆಗೆ ಜನ ಮನೆ ಬೆಲೆಯಲ್ಲಿ ಸುಮಾರು ಶೇ. 2.5 ಹೆಚ್ಚು ಕೊಡಲು ತಯಾರಿದ್ದರು. ಇಲ್ಲದ ಫೀಸು ಬ್ಯಾಂಕಿನ ಕಂತಿನಲ್ಲಿ ಸೇರಿಕೊಂಡಿರುತ್ತದೆ ಅಷ್ಟೇ. ಆ ಕಂತು ಕಟ್ಟಲಾಗದವರು ಸುಳ್ಳು ವಿಳಾಸ ಕೊಟ್ಟು ಗೆರೆ ದಾಟಿದರೆ ಹಲವು ರಾಜ್ಯಗಳಲ್ಲಿ ಅದು ಅಪರಾಧ. ಒಹಾಯೋ ರಾಜ್ಯದ ಆಕ್ರನ್‌ನಲ್ಲಿ ಒಬ್ಬ ತಾಯಿ ತನ್ನ ತಂದೆಯ ಮನೆ ವಿಳಾಸ ಕೊಟ್ಟು ಹೆಣ್ಣುಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿನ ಶಾಲೆಗೆ ಕಳಿಸಿದ್ದಕ್ಕೆ 2011ರಲ್ಲಿ ಜೈಲು ಕಂಡರು. ಆಮೇಲೆ ರಾಜ್ಯಪಾಲರು ಅಪರಾಧದ ತೀವ್ರತೆ ಇಳಿಸಿದರು. ಅಜ್ಜನ ಮನೆ ವಿಳಾಸ ಕೊಟ್ಟು ಶಾಲೆಗೆ ಸೇರಿದವರು ನಮ್ಮಲ್ಲಿ ಎಷ್ಟಿಲ್ಲ, ಅಲ್ವಾ?

ಇಲ್ಲಿ ಒಂದು ಅಡ್ಡಮಾತು. 1964–66ರ ಕೊಠಾರಿ ಆಯೋಗ ನಮಗೆ ಸೂಚಿಸಿದ ಮದ್ದು ನೆರೆಹೊರೆ ಶಾಲೆ. ಜಾತಿ, ಅಂತಸ್ತು ನೋಡದೆ ಒಂದು ಬಡಾವಣೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಓದಲಿ ಎಂಬುದು ಅದರ ಆಶಯ. ಆ ಮದ್ದನ್ನು ನಾವು ಕುಡಿಯಲೇ ಇಲ್ಲ. ಅಮೆರಿಕದಲ್ಲಿ ನೆರೆಹೊರೆ ಶಾಲೆ ಇದೆ, ಆದರೆ ನೆರೆಹೊರೆಯೇ ಬೇರೆ ಬೇರೆ. ನಾರ್ತ್ ಕ್ಯಾರೊಲೈನಾದ ಶಾರ್ಲೆಟ್ ನಗರ, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವ ಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದ 1971ರ ಸ್ವಾನ್ ತೀರ್ಪಿನ ನಂತರ, ಕಪ್ಪು, ಬಿಳಿ ಮಕ್ಕಳನ್ನು ಬೆರೆಸಿ ದೇಶಕ್ಕೆ ಮಾದರಿ ಅನಿಸಿಕೊಂಡಿತ್ತು. 1999ರಲ್ಲಿ ಕೋರ್ಟು ಆ ಆದೇಶ ತೆಗೆದುಹಾಕಿತು. 2002ರಿಂದ ಮನೆ ಹತ್ತಿರದ ಶಾಲೆಗೇ ಮಕ್ಕಳು ಹೋಗತೊಡಗಿದರು. ಶಾಲೆಗಳು ಮತ್ತೆ ಬೇರೆಯಾದವು.

2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಒಂದೊಂದು ಮಗುವಿನ ಜನಾಂಗ ನೋಡಿ ಶಾಲೆ ಹಂಚುವಂತಿಲ್ಲ ಎಂದಿತು. ಆದರೆ ನ್ಯಾಯಮೂರ್ತಿ ಕೆನಡಿ ಪ್ರತ್ಯೇಕವಾಗಿ ಬರೆದು ಒಂದು ಕಿಟಕಿ ತೆರೆದಿಟ್ಟರು. ಬಡಾವಣೆಗಳಲ್ಲಿ ಯಾರು ಇದ್ದಾರೆ ಎಂದು ಗಮನಿಸಿ ಅಟೆಂಡೆನ್ಸ್ ಗೆರೆ ಎಳೆಯುವುದಕ್ಕೆ ಅಡ್ಡಿಯಿಲ್ಲ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ಆ ಕೆಲಸವನ್ನು ಮೊದಲೇ ಮಾಡುತ್ತಿತ್ತು. ಅಲ್ಲಿ ಪೂರ್ವಕ್ಕೆ ಗುಡ್ಡ, ಅಲ್ಲಿ ಉಳ್ಳವರು. ಪಶ್ಚಿಮಕ್ಕೆ ಕೊಲ್ಲಿಯ ಬದಿಯ ತಗ್ಗು, ಅಲ್ಲಿ ಕೂಲಿ, ನೌಕರಿಯವರು. 1968ರಲ್ಲಿ, ಯಾವ ಕೋರ್ಟೂ ಹೇಳದೆ, ಊರು ತಾನಾಗಿಯೇ ಮಕ್ಕಳನ್ನು ಬಸ್ಸಿನಲ್ಲಿ ಆಚೀಚೆ ಕಳಿಸಲು ಶುರು ಮಾಡಿತು. ಶುರುವಿನ ವರ್ಷಗಳಲ್ಲಿ ತಗ್ಗಿನಿಂದ ಮೇಲಿನ ಥೌಸಂಡ್ ಓಕ್ಸ್ ಶಾಲೆಗೆ ಹೊರಟವರಲ್ಲಿ ಕಮಲಾ ಹ್ಯಾರಿಸ್ ಎಂಬ ಪುಟ್ಟ ಹುಡುಗಿ ಇದ್ದಳು. ಈಗ ಊರನ್ನು ಮೂರು ಝೋನ್ ಮಾಡಿದ್ದಾರೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡುವಾಗ ಹೊಳೆ ಬದಿಯ ಗದ್ದೆಯೂ ಗುಡ್ಡದ ಬರಡೂ ಎಲ್ಲರಿಗೂ ಸಿಗಲಿ ಅಂತ ಉದ್ದುದ್ದ ಸೀಳುತ್ತಾರಲ್ಲ, ಹಾಗೆ ಪ್ರತಿ ಝೋನೂ ಗುಡ್ಡದಿಂದ ಕೊಲ್ಲಿಯವರೆಗೆ ಚಾಚಿದೆ. 2004ರಿಂದ ಊರನ್ನು ಕೆಲವೇ ಬೀದಿಗಳ 400ಕ್ಕೂ ಹೆಚ್ಚು ತುಂಡು ಮಾಡಿ, ಆ ತುಂಡಿನ ಆದಾಯ, ಓದು, ಜನಾಂಗದ ಲೆಕ್ಕ ಇಟ್ಟಿದ್ದಾರೆ. ಪೋಷಕರು ತಮಗೆ ಬೇಕಾದ ಶಾಲೆಗಳನ್ನು ಬರೆದು ಕೊಡುತ್ತಾರೆ, ಆ ಲೆಕ್ಕವನ್ನೂ ನೋಡಿ ಸೀಟು ಹಂಚುತ್ತಾರೆ. 2009ರಲ್ಲಿ ರಾಜ್ಯದ ಮೇಲ್ಮನವಿ ಕೋರ್ಟು ಇದನ್ನು ಎತ್ತಿಹಿಡಿಯಿತು.

ಬರ್ಕ್ಲಿಯ ದಕ್ಷಿಣಕ್ಕೆ ಓಕ್ಲೆಂಡ್ ನಗರ. ಅದರ ಮಧ್ಯೆ ಪೀಡ್‌ಮಾಂಟ್ ಎಂಬ ಚಿಕ್ಕ, ಬಹಳ ಶ್ರೀಮಂತ ಊರು. 1907ರಲ್ಲಿ ಅದು ಪ್ರತ್ಯೇಕ ನಗರವಾಯಿತು. ನಾಲ್ಕೂ ಕಡೆ ಓಕ್ಲೆಂಡೇ, ಸ್ಕೂಲ್ ಡಿಸ್ಟ್ರಿಕ್ಟ್ ಮಾತ್ರ ಅದರದ್ದೇ. ತಮ್ಮ ಶಾಲೆಗೆಂದು ಅಲ್ಲಿನವರು ಮತ ಹಾಕಿ ಹೆಚ್ಚುವರಿ ತೆರಿಗೆಯನ್ನೂ ಒಪ್ಪಿಕೊಂಡಿದ್ದಾರೆ. ಬರ್ಕ್ಲಿಯ ಹಾಗೆ ಉದ್ದುದ್ದ ಸೀಳಿ ಪೀಡ್‌ಮಾಂಟನ್ನೂ ಸೇರಿಸಿಕೊಳ್ಳೋಣ ಅಂತ ಓಕ್ಲೆಂಡ್ ಅಂದುಕೊಂಡರೂ ಆಗದು. ಅದು ಡಿಸ್ಟ್ರಿಕ್ಟಿನ ಗಡಿ, ಮತ್ತು ಮಿಲಿಕನ್ ತೀರ್ಪು ಇವತ್ತಿಗೂ ಜಾರಿಯಲ್ಲಿದೆ.