ಮುಳುಗಿಸುವುದೇ ಕಷ್ಟದ ಕೆಲಸ

ಪ್ರವಾಸಿ ಸಬ್‌ಮರೀನ್‌ನ ಏಣಿ ಇಳಿಯುವಾಗ ಜನ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಕೆಳಗೆ ಹೋದಮೇಲೆ ಕರೆಂಟ್ ಹೋದರೆ ಗತಿ ಏನು ಸರ್?" ಮೇಲೆ ಬರುತ್ತದೆ, ಅಷ್ಟೇ. ಹೇಳಿದರೆ ಸುಮ್ನೆ ನಗುತ್ತಾರೆ, ನಂಬುವುದಿಲ್ಲ. ಆದರೆ ಇದರ ಸ್ವಭಾವ ಸುಲಿಯದ ತೆಂಗಿನಕಾಯಿಯದ್ದು. ಬಾವಿಯಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಒಳಗಿರುತ್ತದೆ, ಕೈ ಬಿಟ್ಟರೆ ತೇಲುತ್ತದೆ.

ಒತ್ತುವ ಕೆಲಸ ಎರಡು ಹಂತದ್ದು. ಜನ ಕೂರುವ ಉಕ್ಕಿನ ಕೊಳವೆಯ ಹೊರಗೆ, ನೀರು ತುಂಬಿಸಿ ಭಾರ ಹೆಚ್ಚಿಸುವ ಬ್ಯಾಲಾಸ್ಟ್ ಟ್ಯಾಂಕ್‌ಗಳಿವೆ. ಚೊಂಬನ್ನು ಬೋರಲು ಹಾಕಿ ನೀರಿಗೆ ಒತ್ತಿ ನೋಡಿ. ಒಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ನೀರು ತುಂಬುವುದಿಲ್ಲ. ಚೊಂಬಿನ ತಳಕ್ಕೆ ತೂತು ಮಾಡಿದರೆ ಗಾಳಿ ಬುಸ್ಸೆಂದು ಹೋಗಿ ನೀರು ಏರುತ್ತದೆ. ಆ ತೂತೇ ನಮ್ಮ ವಾಲ್ವ್. ಮೇಲೆ ಬರಬೇಕಾದಾಗ ವಾಲ್ವ್ ಮುಚ್ಚಿ, ಸಿಲಿಂಡರ್‌ನ ಒತ್ತಿದ ಗಾಳಿ ಬಿಟ್ಟು ನೀರನ್ನು ಹೊರಗೆ ತಳ್ಳುತ್ತೇವೆ.

ಟ್ಯಾಂಕ್ ತುಂಬಿದ ಮೇಲೂ ಸಬ್‌ಮರೀನ್ ಸ್ವಲ್ಪ ಹಗುರವಾಗಿಯೇ ಉಳಿಯುವಂತೆ ನೋಡಿಕೊಳ್ಳುತ್ತೇವೆ. ಉಳಿದದ್ದು ಥ್ರಸ್ಟರ್‌ಗಳ ಪಾಲು. ಬ್ಯಾಟರಿಯಿಂದ ತಿರುಗುವ ಈ ಫ್ಯಾನ್‌ಗಳು ಸಬ್‌ಮರೀನನ್ನು ಕೆಳಗೆ ಒತ್ತಿ ಹಿಡಿಯುತ್ತವೆ. ಬ್ಯಾಟರಿ ಸತ್ತರೆ ಒತ್ತುವವರೇ ಇಲ್ಲ!

ತೂಕದ ಲೆಕ್ಕ ದಿನವೂ ಬೇರೆ. ಶಾಲೆ ಮಕ್ಕಳ ಗುಂಪು ಬಂದರೆ ಒಂದು, ಮದುವೆ ಮನೆಯವರು ಬಂದರೆ ಇನ್ನೊಂದು. ಅದಕ್ಕೆ ಸಣ್ಣ ಟ್ಯಾಂಕ್‌ಗಳಲ್ಲಿ ನೀರು ಹೆಚ್ಚು ಕಡಿಮೆ ಮಾಡುತ್ತೇವೆ. ಉಪ್ಪಿನ ಆಟವೂ ಇದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5% ಭಾರ. 80 ಟನ್‌ನ ಸಬ್‌ಮರೀನ್‌ಗೆ ಅದು 2 ಟನ್ ವ್ಯತ್ಯಾಸ. 1964ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ, ಜಾಕ್ ಪಿಕಾರ್ ಎಂಬ ಸಾಗರ ಸಂಶೋಧಕ ವಿನ್ಯಾಸ ಮಾಡಿದ, ಜನರನ್ನು ಹೊತ್ತೊಯ್ಯುವ ಸಬ್‌ಮರೀನ್ ಓಡಿದ್ದು ಸಿಹಿನೀರಿನಲ್ಲಿ. ಅದನ್ನೇ ಸಮುದ್ರಕ್ಕೆ ಒಯ್ದರೆ ತೂಕವನ್ನು ಹೊಸದಾಗಿ ಹೊಂದಿಸಬೇಕು.

ಕಿಟಕಿ ಗಾಜಿನದ್ದಲ್ಲ, ದಪ್ಪ ಅಕ್ರಿಲಿಕ್. ಹವಾಯಿಯ ವೈಕಿಕಿಯಲ್ಲಿ 64 ಸೀಟಿನ ಸಬ್‌ಮರೀನ್ ಇಳಿಯುವುದು 30 ಮೀಟರ್ ಆಸುಪಾಸಿಗೆ. ಆ ಆಳದಲ್ಲಿ ಅರ್ಧ ಮೀಟರ್ ಅಗಲದ ದುಂಡು ಕಿಟಕಿಯ ಮೇಲೆ 6 ಟನ್‌ಗೂ ಮಿಕ್ಕಿದ ಭಾರ ಬೀಳುತ್ತದೆ. ಅಂಚನ್ನು ಓರೆಯಾಗಿ ಕಡೆದಿದ್ದರೆ, ನೀರು ಒತ್ತಿದಷ್ಟೂ ಅದು ಬಿರಡೆಯಂತೆ ಬಿಗಿಯಾಗಿ ಕೂರುತ್ತದೆ. ಒಳಗಿನ ಒತ್ತಡ ಮಾತ್ರ ನಿಮ್ಮ ಮನೆಯಲ್ಲಿರುವಷ್ಟೇ. ಹಾಗಾಗಿ ಕಿವಿ ನೋಯದು, ಸ್ಕೂಬಾ ಡೈವ್ ಮಾಡಿದವರಂತೆ ಕಾಯದೆ ಸಂಜೆಯೇ ವಿಮಾನ ಹತ್ತಬಹುದು. ಅಂದಹಾಗೆ, ಕೆಂಪು ಸೀರೆ ಉಟ್ಟು ಫೋಟೋಗೆ ಬರಬೇಡಿ. ಕಿಟಕಿಯ ಬೆಳಕಿನಲ್ಲಿ ಕೆಂಪು ಇರುವುದೇ ಇಲ್ಲ, ನೀರು ಮೊದಲು ನುಂಗುವ ಬಣ್ಣ ಅದು.

ನನಗೆ ಜಾಸ್ತಿ ಚಿಂತೆ ಉಸಿರಿನದ್ದು. ಆಮ್ಲಜನಕ ಸಿಲಿಂಡರ್‌ನಿಂದ ಅಳೆದು ಬಿಡುತ್ತೇವೆ, ಅದು ಸುಲಭ. ತೊಂದರೆ ಕೊಡುವುದು ನಾವೇ ಬಿಡುವ ಇಂಗಾಲದ ಡೈಆಕ್ಸೈಡ್. ಸುಮ್ಮನೆ ಕೂತ 50 ಜನ ನಿಮಿಷಕ್ಕೆ ಸುಮಾರು 12 ಲೀಟರ್ ಬಿಡುತ್ತಾರೆ. ಅದನ್ನು ಹೀರಲು ಸೋಡಾ ಲೈಮ್ ಹರಳು ತುಂಬಿದ ಡಬ್ಬಿ, ಅದಕ್ಕೊಂದು ಫ್ಯಾನ್. ಹರಳಿನಲ್ಲಿ ಬಹುಪಾಲು ಇರುವುದು ಅಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಅದೇ ಸುಣ್ಣ. ಸುಣ್ಣ ಬಳಿದ ಗೋಡೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಗಟ್ಟಿಯಾಗುತ್ತದಲ್ವಾ? ಇಲ್ಲಿಯೂ ಅದೇ ಕತೆ.

ಒಮ್ಮೆ ಹಿಂದಿನ ಪಾಳಿಯವರು ಹರಳು ಬದಲಿಸದೆ ಪುಸ್ತಕದಲ್ಲಿ ಮಾತ್ರ ಟಿಕ್ ಹಾಕಿದ್ದರು. ಇಳಿದು 20 ನಿಮಿಷಕ್ಕೇ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್‌ನ ಅಂಕಿ ಏರತೊಡಗಿತು. ಪ್ರಯಾಣಿಕರು ಆಮೆ ನೋಡುತ್ತಿದ್ದರು, ನಾನು ಮೀಟರ್ ನೋಡುತ್ತಿದ್ದೆ. ಯಾರಿಗೂ ಏನೂ ಆಗುವ ಮೊದಲೇ ಮೇಲೆ ಬಂದೆವು. ಆಮೆ ಪೂರ್ತಿ ನೋಡಲಿಲ್ಲವೆಂದು ಒಬ್ಬರು ಜಗಳ ತೆಗೆದರು. ಅಂದಿನಿಂದ ಡಬ್ಬಿಯ ಮುಚ್ಚಳ ನಾನೇ ತೆಗೆದು ನೋಡುತ್ತೇನೆ.

ಇಷ್ಟೆಲ್ಲ ಕೈಕೊಟ್ಟರೂ ಕೊನೆಗೊಂದು ಸನ್ನೆಕೋಲು ಉಂಟು. ಅದನ್ನು ಕೈಯಿಂದ ತಿರುಗಿಸಿದರೆ ಅಡಿಯ ಭಾರದ ಗಟ್ಟಿ ಕಳಚಿ ಬೀಳುತ್ತದೆ. ಕರೆಂಟೂ ಬೇಡ, ಗಾಳಿಯೂ ಬೇಡ. ಅಭ್ಯಾಸದ ದಿನ ಬಿಟ್ಟರೆ ನಾನದನ್ನು ಇನ್ನೂ ಮುಟ್ಟಿಲ್ಲ.