ಸ್ವಭಾವ ಬದಲಿಸುವ ಮಾತ್ರೆ: ಕೇಳುತ್ತಿರುವವರು ಯಾರು?

"ಡಾಕ್ಟ್ರೇ, ಇವಳಿಗೆ ಮೂಗಿನ ತುದಿಯಲ್ಲೇ ಕೋಪ. ಸ್ವಲ್ಪ ತಣ್ಣಗಾಗೋ ಹಾಗೆ ಏನಾದರೂ ಬರೆದುಕೊಡಿ." ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಗಂಡ ಹೀಗೆ ಹೇಳುವುದು ಮನೋವೈದ್ಯರಿಗೆ ಹೊಸದಲ್ಲ. ಮಗನ ಸಂಕೋಚಕ್ಕೆ, ಸೊಸೆಯ ಅಳುವಿಗೆ, ಮಗಳ ಎದುರುತ್ತರಕ್ಕೂ ಮಾತ್ರೆ ಕೇಳುವವರಿದ್ದಾರೆ. ಅವರಿಗೆ ವಾಸಿಯಾಗಬೇಕಿರುವುದು ಕಾಯಿಲೆಯಲ್ಲ. ಆ ಮನುಷ್ಯರೇ ಬೇರೆ ಥರ ಆಗಬೇಕು.

ಖಿನ್ನತೆಯ ಮಾತ್ರೆಗೆ ಆ ಶಕ್ತಿ ಇದೆಯಾ? ಕೆಲವರಲ್ಲಿ, ಸ್ವಲ್ಪ ಮಟ್ಟಿಗೆ, ಇದೆ. ಪ್ರೋಜಾಕ್ ಅಂತ ಹೆಸರಾದ ಫ್ಲುಯೊಕ್ಸೆಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಯಲ್ಲಿ. 1993ರಲ್ಲಿ ಅಲ್ಲಿನ ಮನೋವೈದ್ಯ ಪೀಟರ್ ಕ್ರೇಮರ್ ತಮ್ಮ ಪುಸ್ತಕದಲ್ಲಿ ಟೆಸ್ ಎಂಬ ರೋಗಿಯ ಕಥೆ ಬರೆದರು. ಆಕೆ ಹತ್ತು ಮಕ್ಕಳಲ್ಲಿ ಹಿರಿಯವಳು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು, ಅಮ್ಮ ಖಿನ್ನತೆಗೆ ಬಿದ್ದರು, ತಮ್ಮ ತಂಗಿಯರನ್ನು ನೋಡಿಕೊಂಡವಳು ಇವಳೇ. ಮೊದಲು ಕೊಟ್ಟ ಹಳೆಯ ಔಷಧದಿಂದ ಖಿನ್ನತೆ ಬಹುಮಟ್ಟಿಗೆ ಇಳಿಯಿತು. ಪ್ರೋಜಾಕ್ ಕೊಟ್ಟ ಮೇಲೆ ಆಳೇ ಬದಲಾದಳು. ಜನರ ಜೊತೆ ಸಲೀಸಾಗಿ ಬೆರೆತಳು, ಕೆಲಸದಲ್ಲಿ ಗಟ್ಟಿಯಾಗಿ ನಿಂತಳು. ಮಾತ್ರೆ ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಮತ್ತೆ ಬಂದು, ನಾನು ನಾನಾಗಿಲ್ಲ ಅಂದಳು. ಖಿನ್ನತೆ ಇರಲಿಲ್ಲ. ಕಾರ್ಮಿಕ ಸಂಘದ ಜೊತೆ ಮಾತುಕತೆ ಇತ್ತು, ಅದಕ್ಕೆ ಆ ಧೈರ್ಯ ಬೇಕಿತ್ತು. ಕ್ರೇಮರ್ ಯೋಚಿಸಿ, ಮತ್ತೆ ಕೊಟ್ಟರು.

ಯಾವ ಟೆಸ್ ನಿಜವಾದವಳು ಅಂತ ತತ್ವಜ್ಞಾನಿಗಳು ಇವತ್ತಿಗೂ ಚರ್ಚೆ ಮಾಡುತ್ತಾರೆ. ನನ್ನನ್ನು ಅದು ಅಷ್ಟಾಗಿ ಕಾಡುವುದಿಲ್ಲ. ಮದುವೆ, ಕೆಲಸ, ಸಾವು ನೋವು ಕೂಡ ಮನುಷ್ಯರನ್ನು ಬದಲಿಸುತ್ತವೆ, ಅಲ್ವಾ? ನನಗೆ ಮುಖ್ಯ ಅನ್ನಿಸುವುದು ಬೇರೆ: ಬದಲಾವಣೆ ಕೇಳಿದವಳು ಟೆಸ್ ಸ್ವತಃ. ಮಾತ್ರೆ ಅವಳ ದನಿಯನ್ನು ದೊಡ್ಡದು ಮಾಡಿತು. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಅದೇ ಮಾತ್ರೆಯನ್ನು ದನಿ ಅಡಗಿಸಲು ಕೇಳುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳು. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಮಕ್ಕಳ ಡಬ್ಬಿ, ಮಾವನಿಗೆ ಇನ್ಸುಲಿನ್ ಇಂಜೆಕ್ಷನ್, ಆಮೇಲೆ ಬಸ್ಸಿಗೆ ಓಟ. ಸಂಜೆ ಮತ್ತೆ ಅಡುಗೆಮನೆ. ಸಿಡುಕು ಜಾಸ್ತಿ ಅಂತ ಮನೆಯವರು ಎಲ್ಲೋ ಫ್ಲುಯೊಕ್ಸೆಟಿನ್ ಬರೆಸಿ ತಂದಿದ್ದರು. ಅತ್ತೆ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಅವಳ ಕಾಫಿಗೆ ಬೆರೆಸುತ್ತಿದ್ದರು. "ಈಗ ಪರವಾಗಿಲ್ಲ ಡಾಕ್ಟ್ರೇ, ಎದುರು ಮಾತೇ ಇಲ್ಲ" ಅಂತ ನನಗೆ ಹೇಳಿದವರೂ ಅವರೇ. ಎಲ್ಲರನ್ನೂ ಹೊರಗೆ ಕಳಿಸಿ ಅವಳನ್ನು ಕೇಳಿದೆ. "ಮಗು ಬಿದ್ದು ಅತ್ತರೂ ನಂಗೇನೂ ಅನ್ನಿಸ್ತಿಲ್ಲ ಸಾರ್. ನಂಗೆ ಏನಾಗಿದೆ?" ಅಂದಳು.

ಈ ಗುಂಪಿನ ಮಾತ್ರೆಗಳು ಕೆಲವರಲ್ಲಿ ದುಃಖದ ಜೊತೆ ಸಂತೋಷ, ಮರುಕ ಎಲ್ಲವನ್ನೂ ಮಂಕು ಮಾಡುತ್ತವೆ. ಇವಳಿಗೆ ತಾನು ಮಾತ್ರೆ ನುಂಗುತ್ತಿರುವುದೇ ಗೊತ್ತಿರಲಿಲ್ಲ. ತನ್ನ ಮನಸ್ಸೇ ಸತ್ತಿದೆ ಅಂದುಕೊಂಡಿದ್ದಳು. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಚಿಕಿತ್ಸೆ ಕೊಡಬೇಕು ಅನ್ನುತ್ತದೆ. ಅವಳಿಗೆ ಇದ್ದದ್ದು ದಣಿವು. ನಡೆದದ್ದನ್ನು ಅವಳಿಗೆ ಹೇಳಿ ಮಾತ್ರೆ ನಿಲ್ಲಿಸಿದೆವು. ಮಗುವಿನ ಅಳು ಮತ್ತೆ ಕರುಳಿಗೆ ತಾಕಿತು, ಕೋಪವೂ ವಾಪಸ್ ಬಂತು. ಬರಬೇಕಾದ ಕೋಪವೇ ಅದು. ಬೆಳಗಿನ ಇಂಜೆಕ್ಷನ್ ಈಗ ಗಂಡನೇ ಕೊಡುತ್ತಾನೆ.

ಹಾಗಂತ ಸ್ವಭಾವದ ವಿಷಯಕ್ಕೆ ಮಾತ್ರೆ ಬರೆಯುವುದೇ ಇಲ್ಲ ಅನ್ನುವವನಲ್ಲ ನಾನು. ಸ್ಕೂಲಿನಿಂದಲೂ ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ, ಅದೇ ಭಯಕ್ಕೆ ಪ್ರಮೋಷನ್ ಬಿಟ್ಟವರು ತಾವಾಗಿಯೇ ಬರುತ್ತಾರೆ. ಇದು ಸಂಕೋಚವೋ ಕಾಯಿಲೆಯೋ? ಗೆರೆ ಎಳೆಯುವುದು ಕಷ್ಟ. 1999ರಲ್ಲಿ ಇದೇ ಗುಂಪಿನ ಪ್ಯಾರಾಕ್ಸೆಟಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಸಾಮಾಜಿಕ ಭೀತಿಯ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದಾಗ ನಡೆದ ಜಾಹೀರಾತಿನ ಅಬ್ಬರ ನೋಡಿದವರಿಗೆ, ಕಂಪನಿಗಳು ಆ ಗೆರೆಯನ್ನು ಎತ್ತ ಎಳೆಯುತ್ತವೆ ಅಂತ ಗೊತ್ತು. ಆದರೂ ಭಯ ಒಬ್ಬರ ಬದುಕನ್ನೇ ಕಿರಿದು ಮಾಡಿದ್ದರೆ, "ಇದು ನಿಮ್ಮ ಸ್ವಭಾವ, ಹೊಂದಿಕೊಳ್ಳಿ" ಅಂತ ಹೇಳುವ ಹಕ್ಕು ನನಗಿಲ್ಲ. ಔಷಧವಿಲ್ಲದ ಆಪ್ತಸಮಾಲೋಚನೆಯ ದಾರಿಯನ್ನೂ ಹೇಳುತ್ತೇನೆ. ಹೊಟ್ಟೆ ತೊಳಸುವುದು, ಲೈಂಗಿಕ ಆಸಕ್ತಿ ಕಡಿಮೆಯಾಗುವುದು, 25 ದಾಟದವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಬರಬಹುದಾದ್ದು, ಯಾವುದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ನಿಲ್ಲಿಸುವ ಮಾತು. ಮೊದಲ ಸಲದ ಖಿನ್ನತೆಯಾದರೆ ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ನಿಧಾನಕ್ಕೆ ಇಳಿಸುತ್ತೇವೆ. ಸ್ವಭಾವಕ್ಕೆ ಅಂತ ಶುರು ಮಾಡಿದ್ದಕ್ಕೆ ಅಂಥ ಗಡುವಿಲ್ಲ. ಅದಕ್ಕೇ ಚೀಟಿ ಬರೆಯುವ ಮೊದಲೇ ಕೇಳುತ್ತೇನೆ: ಇದು ಕೆಲಸ ಮಾಡಿದರೆ ಎಷ್ಟು ದಿನ ತಗೋಬೇಕು ಅಂದುಕೊಂಡಿದ್ದೀರಿ? ನಿಲ್ಲಿಸಿದಾಗ ಹಳೆಯ ಭಯ ಬಂದರೆ ಏನು ಮಾಡುತ್ತೀರಿ? ಉತ್ತರಕ್ಕೆ ಒಂದು ವಾರ ಬಿಟ್ಟು ಬರಲು ಹೇಳುತ್ತೇನೆ, ಅದೂ ಒಬ್ಬರೇ.